ಮನೆ ಬೆಳ್ಮಣ್‌ನಲ್ಲಿ, ಉಸಿರು ಹೆದ್ದಾರಿಯಲ್ಲಿ: ಹೊಗೆಯ ಲೆಕ್ಕ ಮೊಬೈಲ್ ಹೇಳುತ್ತಾ?

ಬೆಳ್ಮಣ್: ಬೆಳಿಗ್ಗೆ ಬೆಳ್ಮಣ್ ಪೇಟೆಯಲ್ಲಿ ಬಸ್ಸು ಹತ್ತುವ ವಿದ್ಯಾರ್ಥಿ ಪಡುಬಿದ್ರಿಯಲ್ಲಿ ಇಳಿದು, ಬೇರೆ ಬಸ್ಸು ಹಿಡಿದು, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾಪು ದಾಟಿ ಉಡುಪಿ, ಮಣಿಪಾಲ ಸೇರುತ್ತಾನೆ. ಸಂಜೆ ಮತ್ತೆ ಅದೇ ದಾರಿ. ಕೆಮ್ಮು, ಉಬ್ಬಸ ಅಂತ ಆಸ್ಪತ್ರೆಗೆ ಹೋದರೆ ಚೀಟಿಯಲ್ಲಿ ಬರೆಯುವ ವಿಳಾಸ ಮಾತ್ರ ಬೆಳ್ಮಣ್.

ವಾಯುಮಾಲಿನ್ಯ ಮತ್ತು ಕಾಯಿಲೆಯ ನಂಟು ಹುಡುಕುವವರಿಗೆ ಇದೇ ದೊಡ್ಡ ತೊಡಕು. ಲೆಕ್ಕ ಹಾಕುವುದು ಮನೆಯ ಗಾಳಿಯನ್ನು, ಹೊಗೆ ಕುಡಿಯುವುದು ರಸ್ತೆಯಲ್ಲಿ. ಈ ಅಂತರ ತುಂಬಲು ಈಗ ಬಳಕೆಯಾಗುತ್ತಿರುವುದು ಜೇಬಿನಲ್ಲಿರುವ ಮೊಬೈಲ್.

ಲೆಕ್ಕ ಹೇಗೆ?

ಯಾವ ಹೊತ್ತಿಗೆ ಯಾವ ಜಾಗದ ಗಾಳಿ ಎಷ್ಟು ಕೆಟ್ಟಿದೆ ಎಂಬ ನಕ್ಷೆ ಒಂದು ಕಡೆ. ಆ ಹೊತ್ತಿಗೆ ವ್ಯಕ್ತಿ ಎಲ್ಲಿದ್ದ ಎಂಬ ಮೊಬೈಲ್ ಮಾಹಿತಿ ಇನ್ನೊಂದು ಕಡೆ. ಎರಡನ್ನೂ ಕೂಡಿಸಿದರೆ ಆಯ್ತು.

ಉದಾಹರಣೆಗೆ, ಮನೆಯ ಬಳಿ ಒಂದು ಘನ ಮೀಟರ್ ಗಾಳಿಯಲ್ಲಿ ಸೂಕ್ಷ್ಮ ಧೂಳು (ಪಿಎಂ 2.5) 20 ಮೈಕ್ರೋಗ್ರಾಂ, ರಸ್ತೆಯಲ್ಲಿ 80 ಇದೆ ಎಂದುಕೊಳ್ಳಿ. ಇದು ಅಳತೆಯಲ್ಲ, ಲೆಕ್ಕಕ್ಕಾಗಿ ಮಾತ್ರ. ಒಬ್ಬರು 20 ಗಂಟೆ ಮನೆಯಲ್ಲಿ, 4 ಗಂಟೆ ರಸ್ತೆಯಲ್ಲಿ ಕಳೆದರೆ ದಿನದ ಸರಾಸರಿ 30. ವಿಳಾಸ ನೋಡಿ ಬರೆದರೆ ಬರೀ 20. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 15; ಭಾರತದ ಮಿತಿ 60.

ಬೆಲ್ಜಿಯಂನಲ್ಲಿ ಸುಮಾರು 50 ಲಕ್ಷ ಮೊಬೈಲ್ ಬಳಕೆದಾರರ ಮಾಹಿತಿ ಇಟ್ಟುಕೊಂಡು 2016ರಲ್ಲಿ ಪ್ರಕಟವಾದ ಅಧ್ಯಯನ ಹೀಗೇ ಲೆಕ್ಕ ಹಾಕಿತು. ವಾಹನದ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ವಾರದ ದಿನಗಳಲ್ಲಿ ಜನರಿಗೆ ತಾಗುವುದು, ಮನೆ ವಿಳಾಸದ ಲೆಕ್ಕಕ್ಕಿಂತ ಸರಾಸರಿ ಸುಮಾರು ಶೇ. 4 ಹೆಚ್ಚು. ವಾರಾಂತ್ಯದಲ್ಲಿ ವ್ಯತ್ಯಾಸ ಬಹಳ ಕಡಿಮೆ. ಸರಾಸರಿ ಸಣ್ಣದು ನಿಜ. ಆದರೆ ಇಡೀ ದಿನ ರಸ್ತೆಯಲ್ಲೇ ಇರುವ ರಿಕ್ಷಾ ಚಾಲಕ, ಬಸ್ ಕಂಡಕ್ಟರ್, ಟ್ರಾಫಿಕ್ ಪೊಲೀಸ್ ಈ ಸರಾಸರಿಯೊಳಗೆ ಮುಚ್ಚಿಹೋಗುತ್ತಾರೆ.

ಹಳ್ಳಿಗೆ ಟವರ್ ಸಾಲದು

ವಾಹನದ ಹೊಗೆ ದೊಡ್ಡ ರಸ್ತೆಯಿಂದ 300–500 ಮೀಟರ್ ಒಳಗೆ ಹೆಚ್ಚು ಕಾಡುತ್ತದೆ. ದೂರ ಹೋದಂತೆ ಕಡಿಮೆಯಾಗುತ್ತದೆ. ನಗರದಲ್ಲಿ ಮೊಬೈಲ್ ಟವರ್‌ಗಳು ಹತ್ತಿರ ಹತ್ತಿರ ಇರುತ್ತವೆ. ಹಳ್ಳಿ ಕಡೆ ಒಂದೇ ಟವರ್ ಹಲವು ಕಿಲೋಮೀಟರ್ ನೋಡಿಕೊಳ್ಳುತ್ತದೆ. ಬೆಳ್ಮಣ್ ಪೇಟೆಯ ಅಂಗಡಿಯವರೂ, ಒಂದು ಕಿಲೋಮೀಟರ್ ಒಳಗೆ ತೋಟದ ನಡುವೆ ಇರುವವರೂ ಟವರ್ ದಾಖಲೆಯಲ್ಲಿ ಒಂದೇ ಜಾಗದವರಾಗಿಬಿಡಬಹುದು. ಇಲ್ಲಿ ಕೆಲವೇ ಮೀಟರ್ ವ್ಯತ್ಯಾಸ ತೋರಿಸುವ ಜಿಪಿಎಸ್ ಬೇಕು, ಅದೂ ಒಪ್ಪಿಕೊಂಡವರದ್ದು ಮಾತ್ರ. ಗಾಳಿಯ ನಕ್ಷೆಯೂ ಅಷ್ಟೇ ಸೂಕ್ಷ್ಮವಾಗಿರಬೇಕು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಕಾರಿನಲ್ಲಿ ಉಪಕರಣ ಇಟ್ಟು ಬೀದಿ ಬೀದಿ ಸುತ್ತಿ ಸಂಶೋಧಕರು ಇಂಥ ಅಳತೆ ಮಾಡಿದ್ದಾರೆ.

ಯಾರು ಬಿಟ್ಟುಹೋಗುತ್ತಾರೆ?

ಫೋನ್ ಇಲ್ಲದ ಶಾಲಾ ಮಕ್ಕಳು, ಜಿಪಿಎಸ್ ಇಲ್ಲದ ಬಟನ್ ಫೋನಿನ ಹಿರಿಯರು ಈ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ವಾಹನದ ಹೊಗೆ ಮಕ್ಕಳ ಅಸ್ತಮಾವನ್ನು ಕೆರಳಿಸುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ. ಅಂದರೆ ಹೆಚ್ಚು ತೊಂದರೆ ಆಗುವವರೇ ಲೆಕ್ಕದ ಹೊರಗೆ. ಮೊಬೈಲ್ ಜೊತೆಗೆ ಶಾಲೆ, ಬಸ್‌ಸ್ಟ್ಯಾಂಡ್‌ಗಳಲ್ಲೂ ನೇರ ಅಳತೆ ಬೇಕಾಗುವುದು ಇದಕ್ಕೇ.

ಗುಟ್ಟು ಉಳಿಯುತ್ತಾ?

ಹೆಸರು, ನಂಬರ್ ತೆಗೆದರೆ ಸಾಕು ಅಂತ ಅನಿಸಬಹುದು. ಆದರೆ 15 ಲಕ್ಷ ಜನರ ಮಾಹಿತಿ ಪರೀಕ್ಷಿಸಿದ 2013ರ ಅಧ್ಯಯನದ ಪ್ರಕಾರ, ಎಷ್ಟು ಹೊತ್ತಿಗೆ ಎಲ್ಲಿದ್ದರು ಎಂಬ ನಾಲ್ಕೇ ಬಿಂದುಗಳಿಂದ ಶೇ. 95 ಜನರನ್ನು ಬೇರೆಯವರಿಂದ ಪ್ರತ್ಯೇಕಿಸಬಹುದು. ಎಲ್ಲರಿಗೂ ಎಲ್ಲರ ಪರಿಚಯ ಇರುವ ಊರಲ್ಲಂತೂ ಇದು ಇನ್ನೂ ಸುಲಭ. ಹಾಗಾಗಿ ಯಾವುದಾದರೂ ಆ್ಯಪ್ ಅಥವಾ ಸರ್ವೆಯವರು ಲೊಕೇಶನ್ ಕೇಳಿದರೆ ಮೂರು ಪ್ರಶ್ನೆ ಕೇಳಬೇಕು: ಯಾಕೆ ಬೇಕು, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಯಾರಿಗೆ ಕೊಡುತ್ತೀರಿ?

ಸರಿಯಾದ ಉತ್ತರ ಸಿಕ್ಕಿದರೆ ಲೊಕೇಶನ್ ಕೊಡುವುದರಿಂದ ಊರಿಗೂ ಲಾಭ ಇದೆ. ಬಸ್‌ಸ್ಟ್ಯಾಂಡ್ ಎಲ್ಲಿರಬೇಕು, ಶಾಲೆಯ ಗೇಟು ಯಾವ ಕಡೆಗೆ ತೆರೆಯಬೇಕು ಅಂತ ನಿರ್ಧರಿಸುವಾಗ ಜನ ನಿಜವಾಗಿ ಎಲ್ಲಿ ಉಸಿರಾಡುತ್ತಾರೆ ಎಂಬ ಲೆಕ್ಕ ಕೈಯಲ್ಲಿರುತ್ತದೆ.