ಬಸಿಯಲು ಬಾರದ ಕಡೆ ಮೊಳೆತ ಕಾಳು

ರಾತ್ರಿ ನೆನೆಹಾಕಿದ ಹೆಸರುಕಾಳನ್ನು ಬೆಳಿಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ. ಇದೇ ಕೆಲಸವನ್ನು 2025ರ ಜೂನ್-ಜುಲೈಯಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ನೆಲದಿಂದ ಸುಮಾರು 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮಾಡಿದರು. ಹೆಸರು ಮತ್ತು ಮೆಂತ್ಯದ ಆ ಪ್ರಯೋಗ ಧಾರವಾಡದ್ದು: ಕೃಷಿ ವಿಶ್ವವಿದ್ಯಾಲಯದ ಡಾ. ರವಿಕುಮಾರ ಹೊಸಮನಿ, ಅಲ್ಲಿನ ಐಐಟಿಯ ಡಾ. ಸುಧೀರ್ ಸಿದ್ದಾಪುರೆಡ್ಡಿ ಇಬ್ಬರೂ ಸೇರಿ ರೂಪಿಸಿದ್ದು.

ಬೀಜ ಬಾಹ್ಯಾಕಾಶಕ್ಕೆ ಹೋಗಿಬರುವುದು ಹೊಸತಲ್ಲ. 1984ರಲ್ಲಿ ನಾಸಾ ಕಳಿಸಿದ 1.25 ಕೋಟಿ ಟೊಮೆಟೊ ಬೀಜಗಳು ಸುಮಾರು ಆರು ವರ್ಷ ಕಕ್ಷೆಯಲ್ಲೇ ಇದ್ದು ಮರಳಿದವು. ಶಾಲಾ ಮಕ್ಕಳು ಬಿತ್ತಿದರು, ಗಿಡ ಬಂತು. ಆದರೆ ಅವು ಮಲಗಿದ್ದ ಬೀಜಗಳು. ಎಚ್ಚರಗೊಳ್ಳುತ್ತಿರುವ ಬೀಜಕ್ಕೆ ಅಲ್ಲಿ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ, ನನಗಂತೂ ಹೆಚ್ಚು ಸೆಳೆಯುವ ಪ್ರಶ್ನೆ.

ಏಕೆಂದರೆ ಅಲ್ಲಿ ಬಸಿಯುವುದೇ ಆಗದು. ನೀರು ಕೆಳಗಿಳಿಯದೆ ಕಾಳಿನ ಮೈಗೆ ಗುಳ್ಳೆಯಂತೆ ಅಂಟಿಕೊಳ್ಳುತ್ತದೆ. ಬಿಸಿಗಾಳಿ ಮೇಲೇರದು, ಉಸಿರಾಡುವ ಮೊಳಕೆಯ ಸುತ್ತ ಆಮ್ಲಜನಕ ತಾನಾಗಿ ತುಂಬಿಕೊಳ್ಳದು. ಇನ್ನು ಬೇರು? ಅದರ ತುದಿಯ ಟೊಪ್ಪಿಗೆಯ ಕೋಶಗಳಲ್ಲಿ ಪಿಷ್ಟದ ಕಣಗಳಿರುತ್ತವೆ. ಅವು ಭಾರಕ್ಕೆ ಇಳಿದು ಕೂತ ಕಡೆಯೇ ಬೇರಿಗೆ ಕೆಳಗು. ತೂಕವೇ ಇಲ್ಲದಲ್ಲಿ ಆ ಕಣಗಳು ಎಲ್ಲಿ ಕೂರಬೇಕು?

ಮೊಳೆಯುವುದಂತೂ ಖಚಿತವಿತ್ತು. 2024ರ ಡಿಸೆಂಬರ್ 30ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ60 ರಾಕೆಟ್ ಹೊತ್ತೊಯ್ದ ಎಂಟು ಅಲಸಂದೆ ಕಾಳು ನಾಲ್ಕೇ ದಿನದಲ್ಲಿ ಮೊಳೆತು, ಆಮೇಲೆ ಎಲೆಯನ್ನೂ ಬಿಟ್ಟಿದ್ದವು. ಆ ಸುದ್ದಿ ಓದಿ ಹಿಗ್ಗಿದ್ದು ನೆನಪಿದೆ. ಆದರೆ ಆ ಗಿಡಗಳನ್ನು ಕೆಳಗಿಳಿಸಿ ಬಿಡಿಸಿ ನೋಡುವ ದಾರಿ ಇರಲಿಲ್ಲ.

ಧಾರವಾಡದ ಪ್ರಯೋಗದ ಜಾಣತನ ಇಲ್ಲಿದೆ. ಕಾಳು ಹೋದದ್ದು ಒಣಗಿಯೇ. ಉಡಾವಣೆ ಮತ್ತೆ ಮತ್ತೆ ಮುಂದೆ ಹೋಗಿ ಜೂನ್ 25ಕ್ಕೆ ನಿಂತಿತು; ಒಣಕಾಳು ಕಾಯಬಲ್ಲದು. ನಿಲ್ದಾಣದಲ್ಲಿ ಶುಕ್ಲಾ ನೀರು ಹಾಕಿದರು, ತಟ್ಟೆಯಲ್ಲಿ ಮೊಳಕೆ ಮೂಡಿದಾಗ ಚಿತ್ರ ತೆಗೆದರು, ಅಷ್ಟಕ್ಕೇ ನಿಲ್ಲಿಸಿ ಶೈತ್ಯಪೆಟ್ಟಿಗೆಗೆ ಸೇರಿಸಿದರು. ಹೆಪ್ಪುಗಟ್ಟಿದ ಮೊಳಕೆ ಮುಂದೆ ಬೆಳೆಯದು, ಕೆಡದು. ಬಾಹ್ಯಾಕಾಶದಲ್ಲಿ ಅದಕ್ಕೇನಾಗಿತ್ತೋ ಅದು ಹಾಗೆಯೇ ಉಳಿಯುತ್ತದೆ. ನೆಲದ ಮೊಳಕೆಯ ಪಕ್ಕದಲ್ಲಿಟ್ಟು ಅದರ ವಂಶವಾಹಿಗಳನ್ನು, ಮೈಮೇಲಿನ ಸೂಕ್ಷ್ಮಾಣುಗಳನ್ನು, ಪೌಷ್ಟಿಕತೆಯನ್ನು ಒಂದೊಂದಾಗಿ ಹೋಲಿಸಬಹುದು.

ಜುಲೈ 15ರಂದು ಶುಕ್ಲಾ ಅವರ ನೌಕೆ ಕ್ಯಾಲಿಫೋರ್ನಿಯಾದಾಚೆಯ ಕಡಲಿಗಿಳಿಯಿತು. ಅದೇ ಯಾತ್ರೆಯಲ್ಲಿ ಕೇರಳದ ಬತ್ತ, ಎಳ್ಳು, ಬದನೆ, ಟೊಮೆಟೊ ಬೀಜಗಳೂ ಹೋಗಿದ್ದವು. ಅವನ್ನು ಮೊಳೆಯಿಸಲಿಲ್ಲ, ಅವು ನೆಲಕ್ಕೆ ಬಿದ್ದು, ತಲೆಮಾರಿನ ಮೇಲೆ ತಲೆಮಾರು ಬೆಳೆದು ತೋರಿಸಬೇಕು.