ಬಾಗಿಲಿಲ್ಲದ ಕಲ್ಲು

ಭೂಗರ್ಭದಲ್ಲಿ ಎಣ್ಣೆಯು ಕೆರೆಯಂತೆ ತುಂಬಿ ನಿಂತಿರುವುದೆಂದು ಅನೇಕರು ಭಾವಿಸಿರುವರು. ವಸ್ತುಸ್ಥಿತಿಯು ಹಾಗಿಲ್ಲ. ಎಣ್ಣೆಯೂ ಅನಿಲವೂ ಶಿಲೆಯ ಸೂಕ್ಷ್ಮರಂಧ್ರಗಳಲ್ಲಿ ಅಡಗಿರುತ್ತವೆ. ರಂಧ್ರಗಳಿದ್ದ ಮಾತ್ರಕ್ಕೆ ಸಾಲದು. ಒಂದರಿಂದ ಮತ್ತೊಂದಕ್ಕೆ ದಾರಿಯಿರಬೇಕು. ಸಾವಿರ ಕೋಣೆಗಳ ಅರಮನೆಯಾದರೂ ಬಾಗಿಲುಗಳಿಲ್ಲದಿದ್ದರೆ ಒಳಗಿದ್ದವನು ಹೊರಗೆ ಬರುವುದೆಂತು? ತನ್ನ ಮೂಲಕ ದ್ರವಾನಿಲಗಳನ್ನು ಹಾಯಗೊಡುವ ಶಿಲೆಯ ಈ ಗುಣವನ್ನು ನಾವು ಪಾರಗಮ್ಯತೆಯೆಂದು ಕರೆಯೋಣ. ಮಣ್ಣಿನ ಹೂಜಿಗೆ ಇದು ಉಂಟು, ಪಿಂಗಾಣಿಯ ಜಾಡಿಗೆ ಇಲ್ಲ.

ಮರಳಿನ ಮೂಲಕ ನೀರು ಇಳಿಯುವ ನಿಯಮವನ್ನು 1856ರಲ್ಲಿ ಫ್ರಾನ್ಸ್ ದೇಶದ ಹೆನ್ರಿ ಡಾರ್ಸಿ ಎಂಬ ಇಂಜಿನಿಯರು, ದಿಜೋನ್ ನಗರದ ನೀರಿನ ಏರ್ಪಾಡನ್ನು ಕುರಿತ ತಮ್ಮ ಗ್ರಂಥದಲ್ಲಿ ಪ್ರಕಟಿಸಿದರು. ಪಾರಗಮ್ಯತೆಯ ಅಳತೆಗೆ ಇಂದಿಗೂ ಡಾರ್ಸಿಯೆಂದೇ ಹೆಸರು. ಒಳ್ಳೆಯ ಮರಳುಗಲ್ಲಿನಲ್ಲಿ ಇದು ಡಾರ್ಸಿಯ ಹತ್ತನೆಯ ಒಂದು ಪಾಲಿರಬಹುದು; ಶೇಲ್ ಎಂಬ ಪದರುಪದರಾದ ಜೇಡಿಗಲ್ಲಿನಲ್ಲಾದರೋ ಅನೇಕ ವೇಳೆ ಕೋಟಿಯ ಒಂದು ಪಾಲೂ ಇರದು.

ವಿಚಿತ್ರವೇನೆಂದರೆ, ಎಣ್ಣೆಯ ತವರು ಈ ಶೇಲೇ. ಪುರಾತನ ಸಮುದ್ರಗಳ ಕೆಸರಿನಲ್ಲಿ ಹೂತ ಜೀವಿಗಳ ಅವಶೇಷಗಳು ಅಲ್ಲಿಯೇ ಬೆಂದು ಎಣ್ಣೆಯೂ ಅನಿಲವೂ ಆದವು. ಅದರಲ್ಲಿ ಸ್ವಲ್ಪ ಭಾಗವು ಯುಗಾಂತರಗಳಲ್ಲಿ ನುಸುಳಿ ಮೇಲಣ ಮರಳುಗಲ್ಲನ್ನು ಸೇರಿತು. ಅದರ ಮೇಲೆ ಮತ್ತೊಂದು ಶೇಲ್ ಸ್ತರವಿದ್ದಲ್ಲಿ ಅದೇ ಮುಚ್ಚಳವಾಯಿತು. ಆದುದರಿಂದ ಅನ್ವೇಷಕರು ಮುಚ್ಚಳದ ಕೆಳಗೆ ಹುಡುಕುತ್ತಿದ್ದರೇ ಹೊರತು ಶೇಲಿನಿಂದಲೇ ಅನಿಲವನ್ನು ಬೇಡಿದವರು ವಿರಳ.

ಅಂಥವರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ಜಾರ್ಜ್ ಮಿಚೆಲ್ ಎಂಬವರು ಮುಖ್ಯರು. ಇವರ ಕಂಪೆನಿಯು 1981ರಲ್ಲಿ ಬಾರ್ನೆಟ್ ಎಂಬ ಶೇಲ್ ಸ್ತರಕ್ಕೆ ಬಾವಿಯನ್ನು ಕೊರೆಯಿತು. ಅನಿಲವು ಅಲ್ಲಿದ್ದುದು ನಿಜ, ಹೊರಬರಲೊಲ್ಲದು. ಮಹತ್ತಾದ ಒತ್ತಡದಿಂದ ದ್ರವವನ್ನು ನುಗ್ಗಿಸಿ ಕಲ್ಲನ್ನು ಸೀಳುವ ಉಪಾಯವು 1940ರ ದಶಕದಿಂದಲೂ ತಿಳಿದಿದ್ದಿತು. ಬೆಲೆಯುಳ್ಳ ಅಂಟುದ್ರವವನ್ನು ಬಹುಕಾಲ ಪ್ರಯೋಗಿಸಿದರೂ ಫಲವು ಖರ್ಚಿಗೆ ತಕ್ಕಷ್ಟಿರಲಿಲ್ಲ. ಕೊನೆಗೆ ವೆಚ್ಚವನ್ನು ತಗ್ಗಿಸಲೆಂದು ಬಹುಮಟ್ಟಿಗೆ ನೀರನ್ನೇ ಸ್ವಲ್ಪ ಮರಳಿನೊಡನೆ ನುಗ್ಗಿಸಿದರು. ಬಿರುಕು ಮತ್ತೆ ಕೂಡಿಕೊಳ್ಳದಂತೆ ಮರಳಿನ ಕಣಗಳು ತಡೆದವು. 1998ರಲ್ಲಿ ಅನಿಲವು ಯಥೇಷ್ಟವಾಗಿ ಹೊರಟಿತು. ಹದಿನೇಳು ವರ್ಷ ಒಂದೇ ಕಲ್ಲಿನ ಮುಂದೆ ಕುಳಿತ ಆ ಹಠವನ್ನು ನಾವು ಮೆಚ್ಚದಿರಲಾರೆವು.

ಆದರೆ ಸೀಳಿದ ಮಾತ್ರಕ್ಕೆ ಕಲ್ಲಿನ ಸ್ವಭಾವವು ಬದಲಾಗದು. ಬಿರುಕಿನ ಅಂಚಿನಲ್ಲಿರುವ ಅನಿಲವು ಬೇಗ ಬಂದುಬಿಡುವುದು. ದೂರದ್ದು ದೂರವೇ ಉಳಿಯುವುದು. ಮೊದಲ ವರ್ಷದಲ್ಲಿಯೇ ಬಾವಿಯ ಹುಟ್ಟುವಳಿಯು ಬಹಳ ಕುಗ್ಗುವುದರಿಂದ ಹೊಸ ಬಾವಿಗಳನ್ನು ಮೇಲಿಂದ ಮೇಲೆ ಕೊರೆಯಬೇಕಾಗುತ್ತದೆ. ಬಾರ್ನೆಟ್‌ನ ಒಂದೊಂದು ಅಡ್ಡಬಾವಿಗೆ ಸುಮಾರು ಒಂದು ಕೋಟಿ ಲೀಟರು ನೀರು ಬೇಕಾಯಿತು. ಫೋರ್ಟ್‌ವರ್ತ್ ನಗರದಲ್ಲಂತೂ ಸಂಸಾರಿಗಳ ಮನೆಗಳ ಕೆಳಗೇ ಅಂಥ ಬಾವಿಗಳು ಹಾದುಹೋದವು. ಬಾವಿಗಳಿಂದ ಮರಳಿಬಂದ ಉಪ್ಪುನೀರನ್ನು ಬೇರೆ ಆಳಬಾವಿಗಳಿಗೆ ಇಳಿಸಿದರು. 2008ರಲ್ಲಿ ಡಲ್ಲಾಸ್-ಫೋರ್ಟ್‌ವರ್ತ್ ವಿಮಾನನಿಲ್ದಾಣದ ಸಮೀಪದಲ್ಲಿ ಭೂಮಿಯು ಮೆಲ್ಲಗೆ ನಡುಗಿದಾಗ, ಅಂಥದೊಂದು ಬಾವಿಯೇ ಕಾರಣವಾಗಿರಬಹುದೆಂದು ಶಾಸ್ತ್ರಜ್ಞರು ಅಭಿಪ್ರಾಯಪಟ್ಟರು.