ಸಾವು ಒಂದೇ, ಸೆಕ್ಷನ್ ಬೇರೆ: ತಂಗಿಯ ಜೊತೆ ನಾನೂ ಓದಿದ ಕ್ರಿಮಿನಲ್ ಲಾ

ಬೆಳಿಗ್ಗೆ ಫೋನ್ ತೆಗೆದರೆ ಮೊದಲ ಹತ್ತು ಸುದ್ದಿಯಲ್ಲಿ ಒಂದಾದರೂ ಕೊಲೆಯದ್ದೇ ಇರುತ್ತದೆ. ಹೆಡ್‌ಲೈನ್ ಓದಿ ಮುಗಿಸುವಷ್ಟರಲ್ಲಿ ನಮ್ಮೊಳಗೆ ತೀರ್ಪೂ ಬಂದಿರುತ್ತದೆ. ಆದರೆ ಒಬ್ಬರ ಕೈಯಿಂದ ಇನ್ನೊಬ್ಬರು ಸತ್ತರೆ ಅದೆಲ್ಲವನ್ನೂ ಕಾನೂನು ಕೊಲೆ ಅನ್ನುವುದಿಲ್ಲ. ಯಾವುದನ್ನು ಅನ್ನುತ್ತದೆ, ಯಾವುದನ್ನು ಅನ್ನುವುದಿಲ್ಲ ಅನ್ನೋದರ ಮೇಲೆ ಒಬ್ಬ ಮನುಷ್ಯ ಗಲ್ಲಿಗೆ ಹೋಗುತ್ತಾನಾ, ಕೆಲವು ವರ್ಷ ಜೈಲಲ್ಲಿದ್ದು ಮನೆಗೆ ಬರುತ್ತಾನಾ ಎಂಬುದು ನಿಂತಿದೆ.

ನಾನು ಓದಿದ್ದು ಎಂಜಿನಿಯರಿಂಗ್, ಮಾಡೋದು ಕೋಡಿಂಗ್. ಇದೆಲ್ಲ ತಲೆಗೆ ಹತ್ತಿದ್ದು ತಂಗಿಯಿಂದ. ಅವಳು ಊರಲ್ಲಿದ್ದುಕೊಂಡು ಮೂರು ವರ್ಷದ ಎಲ್‌ಎಲ್‌ಬಿ ಮಾಡುತ್ತಿದ್ದಾಳೆ. ಪರೀಕ್ಷೆ ಹತ್ತಿರ ಬಂದಾಗ ರಾತ್ರಿ ಊಟ ಆದಮೇಲೆ ವಿಡಿಯೋ ಕಾಲ್. "ಅಣ್ಣ, ನೀನು ಸುಮ್ನೆ ಪ್ರಶ್ನೆ ಕೇಳ್ತಾ ಹೋಗು. ನಿನಗೆ ಅರ್ಥ ಆಯ್ತು ಅಂದ್ರೆ ನಂಗೆ ಬರುತ್ತೆ ಅಂತ ಲೆಕ್ಕ" ಅಂದಳು.

ಮೊದಲು ನರಹತ್ಯೆ, ಆಮೇಲೆ ಕೊಲೆ

ನಾನು ಬೆಂಗಳೂರಿನ ಉದಾಹರಣೆಯನ್ನೇ ಕೊಟ್ಟೆ. "ಪಾರ್ಕಿಂಗ್ ಜಾಗಕ್ಕೆ ಇಬ್ಬರ ಜಗಳ. ಒಬ್ಬ ತಳ್ಳಿದ, ಇನ್ನೊಬ್ಬ ಫುಟ್‌ಪಾತ್ ಕಲ್ಲಿಗೆ ತಲೆ ಬಡಿದು ಸತ್ತ. ಕೊಲೆನಾ?"

"ಅಲ್ಲ. ಬರೀ ತಳ್ಳಿದ್ದಕ್ಕೆ ನರಹತ್ಯೆ ಅನ್ನೋದೂ ಕಷ್ಟ."

"ಕೈಗೆ ಸಿಕ್ಕ ಬ್ಯಾಟಿನಿಂದ ತಲೆಗೆ ಜೋರಾಗಿ ಹೊಡೆದಿದ್ರೆ?"

"ಈಗ ಯೋಚನೆ ಮಾಡ್ಬೇಕು. ಎಷ್ಟು ಏಟು, ಎಲ್ಲಿಗೆ, ಜಗಳ ಹೇಗೆ ಶುರುವಾಯ್ತು, ಎಲ್ಲ ಬೇಕು."

"ಮನೆಗೆ ಹೋಗಿ ಚಾಕು ತಂದು ಹೊಟ್ಟೆಗೆ ಹಾಕಿದ್ರೆ?"

"ಅದು ಬಹುತೇಕ ಕೊಲೆನೇ."

ಮೂರರಲ್ಲೂ ಜಗಳ ಒಂದೇ, ಸಾವೂ ಒಂದೇ. ಬದಲಾಗಿದ್ದು ಮಾಡಿದವನ ಮನಸ್ಸಿನ ಸ್ಥಿತಿ. ಅದನ್ನು ಅಳೆಯೋಕೆ ಭಾರತೀಯ ನ್ಯಾಯ ಸಂಹಿತೆ ಎರಡು ಮೆಟ್ಟಿಲು ಇಟ್ಟಿದೆ. ಮೊದಲನೆಯದು ಸೆಕ್ಷನ್ 100, ಶಿಕ್ಷಾರ್ಹ ನರಹತ್ಯೆ. ಸಾಯಿಸುವ ಉದ್ದೇಶ, ಸಾವು ತರಬಹುದಾದಂಥ ಗಾಯ ಮಾಡುವ ಉದ್ದೇಶ, ಅಥವಾ ಇದರಿಂದ ಸಾವು ಬರಬಹುದು ಎಂಬ ಅರಿವು, ಈ ಮೂರರಲ್ಲಿ ಒಂದಾದರೂ ಇರಬೇಕು. ಎರಡನೆಯದು ಸೆಕ್ಷನ್ 101, ಕೊಲೆ. ಇಲ್ಲಿ ಅದೇ ಉದ್ದೇಶ, ಅದೇ ಅರಿವು ಇನ್ನೂ ಗಟ್ಟಿಯಾಗಿರಬೇಕು. ಸಾವು 'ಬರಬಹುದು' ಅನ್ನೋ ಮಟ್ಟದಿಂದ 'ಬಂದೇ ಬರುತ್ತೆ' ಅನ್ನೋ ಮಟ್ಟಕ್ಕೆ ಹತ್ತಿರ ಬಂದಾಗ ನರಹತ್ಯೆ ಕೊಲೆಯಾಗುತ್ತದೆ. ಪ್ರತಿ ಕೊಲೆಯೂ ನರಹತ್ಯೆ, ಪ್ರತಿ ನರಹತ್ಯೆಯೂ ಕೊಲೆಯಲ್ಲ.

ಶಿಕ್ಷೆ ನೋಡಿದರೆ ಈ ವ್ಯತ್ಯಾಸದ ತೂಕ ಗೊತ್ತಾಗುತ್ತದೆ. ಕೊಲೆಗೆ ಸೆಕ್ಷನ್ 103ರಲ್ಲಿ ಮರಣದಂಡನೆ ಅಥವಾ ಜೀವಾವಧಿ. ಕೊಲೆಯಲ್ಲದ ನರಹತ್ಯೆಗೆ ಸೆಕ್ಷನ್ 105: ಉದ್ದೇಶವಿದ್ದರೆ ಜೀವಾವಧಿ ಅಥವಾ 5ರಿಂದ 10 ವರ್ಷ, ಬರೀ ಅರಿವಿದ್ದರೆ ಗರಿಷ್ಠ 10 ವರ್ಷ.

ಹಳೇ ಐಪಿಸಿಯಲ್ಲಿ ಇವೇ 299, 300, 302, 304. ಹೊಸ ಸಂಹಿತೆ ಜಾರಿಗೆ ಬಂದಿದ್ದು 2024ರ ಜುಲೈ 1ರಂದು. ಅದಕ್ಕೂ ಮುಂಚಿನ ಅಪರಾಧಗಳಿಗೆ ಹಳೇ ಕಾನೂನೇ ಅನ್ವಯ. ಹಾಗಾಗಿ ಪಾಪ, ಈ ಬ್ಯಾಚಿನವರಿಗೆ ಎರಡೂ ನಂಬರ್ ಬಾಯಿಗೆ ಬರಬೇಕು.

ಅಮ್ಮ ಕೇಳಿದ ಪ್ರಶ್ನೆ

ಈ ಪಾಠದಲ್ಲಿ ಎಲ್ಲರೂ ಓದುವ ಕೇಸ್ ಒಂದಿದೆ. 1876ರ ಬಾಂಬೆ ಹೈಕೋರ್ಟಿನ ಗೋವಿಂದ ಪ್ರಕರಣ. ಗೋವಿಂದನಿಗೆ 18 ವರ್ಷ, ಹೆಂಡತಿಗೆ 15. ಅವಳನ್ನು ಕೆಳಗೆ ಕೆಡವಿ, ಎದೆ ಮೇಲೆ ಮಂಡಿ ಊರಿ, ಮುಖಕ್ಕೆ ಎರಡು ಮೂರು ಸಲ ಬಲವಾಗಿ ಗುದ್ದಿದ. ಮಿದುಳಿನಲ್ಲಿ ರಕ್ತಸ್ರಾವವಾಗಿ ಅವಳು ಸತ್ತಳು. ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಬರದೆ ವಿಷಯ ನ್ಯಾಯಮೂರ್ತಿ ಮೆಲ್ವಿಲ್ ಮುಂದೆ ಹೋಯಿತು. ಸಾಯಿಸುವ ಉದ್ದೇಶ ಕಾಣುತ್ತಿಲ್ಲ, ಗಾಯವೂ ಸಹಜವಾಗಿ ಸಾವು ತರುವಷ್ಟಿರಲಿಲ್ಲ, ಆದ್ದರಿಂದ ಇದು ಕೊಲೆಯಲ್ಲದ ನರಹತ್ಯೆ ಎಂದು ಅವರು ತೀರ್ಮಾನಿಸಿದರು. ಶಿಕ್ಷೆ 7 ವರ್ಷ ಗಡೀಪಾರು.

ತಂಗಿ ಇದನ್ನು ಹೇಳುವಾಗ ಅಮ್ಮ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಾ ಕೂತಿದ್ದರು. "ಹಂಗಾದ್ರೆ ಆ ಹುಡುಗಿ ಜೀವಕ್ಕೆ ಏಳೇ ವರ್ಷನಾ?" ಅಂದರು.

"ಕೋರ್ಟು ಅವಳ ಜೀವಕ್ಕೆ ಬೆಲೆ ಕಟ್ತಿಲ್ಲಮ್ಮ. ಅವನ ಮನಸ್ಸಲ್ಲಿ ಆಗ ಏನಿತ್ತು ಅಂತ ನೋಡ್ತಿದೆ."

"ಎದೆ ಮೇಲೆ ಮಂಡಿ ಊರಿ ಗುದ್ದೋನ ಮನಸ್ಸಲ್ಲಿ ಏನಿತ್ತು ಅಂತ ಬೇರೆ ಕೇಳ್ಬೇಕಾ?"

ತಂಗಿ ಉತ್ತರ ಕೊಡಲಿಲ್ಲ. ನನಗೂ ಹೊಳೆಯಲಿಲ್ಲ. ಆ ಕೇಸಿಗೆ ಗೋವಿಂದನ ಹೆಸರಿದೆ. ಅವಳ ಗುರುತು ನಮ್ಮ ನೋಟ್ಸಿನಲ್ಲಿ 'ಆರೋಪಿಯ ಹೆಂಡತಿ' ಅಂತ ಅಷ್ಟೇ. ಪರೀಕ್ಷೆಯಲ್ಲಿ ಐದು ಸಾಲಲ್ಲಿ ಬರೆದು ಮುಗಿಸುವ ಕೇಸಿನ ಹಿಂದೆ ಹದಿನೈದರ ಒಬ್ಬ ಹುಡುಗಿ ಇದ್ದಳು ಅಂತ ನೆನಪಿಸೋಕೆ ಅಮ್ಮನೇ ಬೇಕಾಯಿತು.

ಮನಸ್ಸನ್ನು ಓದೋದು ಹೇಗೆ?

ನನ್ನ ಕೆಲಸದಲ್ಲಿ ಏನಾದರೂ ಕೈಕೊಟ್ಟರೆ ಲಾಗ್ ನೋಡುತ್ತೇವೆ. ಮನುಷ್ಯನ ತಲೆಯೊಳಗೆ ಲಾಗ್ ಇಲ್ಲ. ಹಾಗಾಗಿ ಕೋರ್ಟು ಹೊರಗೆ ಕಾಣುವುದನ್ನೇ ಓದುತ್ತದೆ: ಆಯುಧ ಯಾವುದು, ದೇಹದ ಯಾವ ಭಾಗಕ್ಕೆ ಬಿತ್ತು, ಎಷ್ಟು ಬಲ, ಎಷ್ಟು ಏಟು, ಮುಂಚೆ ಏನಾಯಿತು, ಆಮೇಲೆ ಏನು ಮಾಡಿದ.

"ನಾನು ಒಂದೇ ಸಲ ಚುಚ್ಚಿದ್ದು, ಸಾಯಿಸಬೇಕು ಅಂತಿರಲಿಲ್ಲ" ಅನ್ನುವವರಿಗೆ ಉತ್ತರ 1958ರ ವಿರ್ಸಾ ಸಿಂಗ್ ತೀರ್ಪಿನಲ್ಲಿದೆ. ಅಲ್ಲಿ ಆಗಿದ್ದೂ ಭರ್ಜಿಯ ಒಂದೇ ತಿವಿತ, ಹೊಟ್ಟೆಗೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿವಿಯನ್ ಬೋಸ್ ಪ್ರಶ್ನೆಯನ್ನು ಎರಡಾಗಿ ಬಿಡಿಸಿದರು. ಆ ಗಾಯವನ್ನು ಬೇಕೆಂದೇ ಮಾಡಿದನಾ, ಕೈತಪ್ಪಿ ಆಯಿತಾ? ಇದು ಅವನ ಮನಸ್ಸಿಗೆ ಸಂಬಂಧಿಸಿದ್ದು. ಆ ಗಾಯ ಸಹಜವಾಗಿ ಸಾವು ತರುವಷ್ಟು ದೊಡ್ಡದಾ? ಇದಕ್ಕೆ ವೈದ್ಯಕೀಯ ಸಾಕ್ಷ್ಯ ಉತ್ತರ ಹೇಳುತ್ತದೆ, ಅವನ ಅಭಿಪ್ರಾಯ ಬೇಕಿಲ್ಲ. ಬೇಕೆಂದೇ ಮಾಡಿದ ಗಾಯ ಅಷ್ಟು ದೊಡ್ಡದಾಗಿದ್ದರೆ ಕೊಲೆ. ಅಮ್ಮನಿಗೆ ಈ ಕೇಸ್ ಇಷ್ಟವಾಯಿತು.

ಮೂರು ಗಂಟೆಯ ಕೋಪ

ಕೊಲೆಯ ವ್ಯಾಖ್ಯೆಗೆ ಐದು ವಿನಾಯಿತಿಗಳಿವೆ: ತೀವ್ರವಾದ, ಹಠಾತ್ ಪ್ರಚೋದನೆ, ಆತ್ಮರಕ್ಷಣೆಯಲ್ಲಿ ಪ್ರಾಮಾಣಿಕವಾಗಿಯೇ ಮಿತಿ ಮೀರಿದ್ದು, ಕರ್ತವ್ಯದಲ್ಲಿದ್ದ ಸರ್ಕಾರಿ ನೌಕರ ಅಧಿಕಾರದ ಮಿತಿ ಮೀರಿದ್ದು, ಮೊದಲೇ ಯೋಜಿಸದ ದಿಢೀರ್ ಹೊಡೆದಾಟ, 18 ದಾಟಿದವರ ಒಪ್ಪಿಗೆ. ವಿನಾಯಿತಿ ಸಿಕ್ಕಿತು ಅಂದರೆ ಬಿಡುಗಡೆ ಅಲ್ಲ. ಕೊಲೆ ನರಹತ್ಯೆಗೆ ಇಳಿಯುತ್ತದೆ, ಅಷ್ಟೇ.

ಮೊದಲನೆಯದಕ್ಕೆ ನಾನಾವತಿ ಕೇಸ್. 2016ರ 'ರುಸ್ತುಂ' ಸಿನಿಮಾ ನೋಡಿದವರಿಗೆ ಕಥೆ ಗೊತ್ತು. 1959ರ ಏಪ್ರಿಲ್ 27, ಬಾಂಬೆ. ನೌಕಾಪಡೆಯ ಅಧಿಕಾರಿ ನಾನಾವತಿ ಹೆಂಡತಿಯ ಬಾಯಿಂದಲೇ ಅವಳ ಸಂಬಂಧದ ವಿಷಯ ಕೇಳಿದರು. ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟರು, ಹಡಗಿಗೆ ಹೋಗಿ ಸುಳ್ಳು ಕಾರಣ ಹೇಳಿ ರಿವಾಲ್ವರ್ ಪಡೆದರು, ಪ್ರೇಮ್ ಆಹುಜಾ ಅವರನ್ನು ಹುಡುಕಿಕೊಂಡು ಹೋಗಿ ಗುಂಡು ಹಾರಿಸಿದರು. ಜ್ಯೂರಿ 8–1ರಲ್ಲಿ ನಿರ್ದೋಷಿ ಅಂದಿತು. ಹೈಕೋರ್ಟ್ ಒಪ್ಪಲಿಲ್ಲ. 1961ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕೊಲೆ ಎಂದೇ ಎತ್ತಿಹಿಡಿಯಿತು. ಮನೆ ಬಿಟ್ಟಿದ್ದು 1.30ಕ್ಕೆ, ಗುಂಡು ಹಾರಿದ್ದು 4.20ಕ್ಕೆ. ಸುಮಾರು ಮೂರು ಗಂಟೆಯಲ್ಲಿ ಕೋಪ ಇಳಿಯಲು ಸಮಯವಿತ್ತು ಅನ್ನೋದು ಕೋರ್ಟಿನ ಲೆಕ್ಕ. ನನ್ನ ಪಾರ್ಕಿಂಗ್ ಕಥೆಯಲ್ಲಿ ಚಾಕು ತರಲು ಮನೆಗೆ ಹೋದವನ ಕಷ್ಟವೂ ಇದೇ.

ಪರೀಕ್ಷೆ ಬರೆಯುವವರಿಗೆ

ತಂಗಿ ತನ್ನ ಪುಸ್ತಕದ ಹಿಂದೆ ಬರೆದುಕೊಂಡ ಕ್ರಮ ಇದು. ಸಮಸ್ಯೆ ರೂಪದ ಪ್ರಶ್ನೆ ಬಂದರೆ ಮೊದಲು, ಸಾವಿಗೆ ಆ ಕೃತ್ಯವೇ ಕಾರಣವಾ? ಆಮೇಲೆ ಸೆಕ್ಷನ್ 100ರ ಉದ್ದೇಶ ಅಥವಾ ಅರಿವು ಇತ್ತಾ? ನಂತರ 101ರ ನಾಲ್ಕು ಖಂಡಗಳಲ್ಲಿ ಯಾವುದಕ್ಕಾದರೂ ಸೇರುತ್ತಾ? ಸೇರಿದರೆ ಐದು ವಿನಾಯಿತಿಗಳಲ್ಲಿ ಒಂದಾದರೂ ಇದೆಯಾ? ಇಷ್ಟಾದ ಮೇಲೆ 103 ಅಥವಾ 105. "ಕೊಲೆ ಅನ್ನೋ ಪದ ಉತ್ತರದ ಕೊನೇ ಸಾಲಲ್ಲಿ ಬರ್ಬೇಕಣ್ಣ. ಮೊದಲ ಸಾಲಲ್ಲೇ ಬರೆದ್ರೆ ಮಾರ್ಕ್ಸ್ ಹೋಯ್ತು" ಅನ್ನುತ್ತಾಳೆ. ಸುದ್ದಿ ಓದುವಾಗಲೂ ಈ ಕ್ರಮ ನನಗೆ ಉಪಯೋಗಕ್ಕೆ ಬರುತ್ತಿದೆ.

ನಿಮ್ಮ ಮನೆಯಲ್ಲಿ ಯಾರಾದರೂ ಲಾ ಓದುತ್ತಿದ್ದರೆ ಒಂದು ರಾತ್ರಿ ಪ್ರಶ್ನೆ ಕೇಳುವವರಾಗಿ ಕೂತು ನೋಡಿ. ಸಾಧ್ಯವಾದರೆ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪ್ರಶ್ನೆಪತ್ರಿಕೆಯಲ್ಲಿ ಬರದ ಪ್ರಶ್ನೆಗಳು ಅವರ ಹತ್ತಿರ ಇರುತ್ತವೆ.